ದೌಲತಬಿ ಬರೆದ ಕಾರಣ

ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿರುವ ದೌಲತಬಿಗೆ ಹದಿನಾಲ್ಕು ವರ್ಷ. ಗದಗದ ಕಡೆಯವರು. ತಂದೆ ಅಲ್ಲಾವುದ್ದೀನ ವಡಾಲ ಸ್ಟೇಷನ್ನಿನ ಹೊರಗೆ ಕೂತು ಚಾವಿ ಮಾಡಿಕೊಡುತ್ತಾರೆ, ತಾಯಿ ತಾಜಬಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ನನ್ನ ಮಗುವಿಗೆ ಹಲ್ಲು ಬರುವ ಕಾಲ. ಸಂಜೆಯ ರಂಪಕ್ಕೆ ಈ ಹುಡುಗಿಯ ಸೊಂಟವೇ ಮದ್ದು. ಹಾಗೆ ನಮ್ಮ ಮನೆಗೆ ಅವಳ ಓಡಾಟ.

ಈ ಜೂನ್‌ನಲ್ಲಿ, ಅಂದರೆ ೧೯೮೮ರಲ್ಲಿ, ಯಾರೋ ಪುಣ್ಯಾತ್ಮರು ಅವಳ ಕನ್ನಡ ಶಾಲೆಗೆ ನಾಲ್ಕು ಕಂಪ್ಯೂಟರ್ ಕೊಟ್ಟರು. ಒಂಬತ್ತನೆಯ ತರಗತಿಯವರು ಹೊಲಿಗೆಯನ್ನೋ ಕಂಪ್ಯೂಟರನ್ನೋ ಆರಿಸಿಕೊಳ್ಳಬೇಕು. ಕಂಪ್ಯೂಟರಿಗೆ ಹನ್ನೆರಡೇ ಜಾಗ, ಕೇಳಿದವರು ನಲವತ್ತು. ಶೀಲಾವತಿ ಟೀಚರು ಫಾರಂ ಹಂಚಿದರು: ಏಕೆ ಬೇಕು ಎಂದು ನಾಲ್ಕು ಸಾಲು ಬರೆಯಬೇಕು, ಕೆಳಗೆ ತಂದೆಯ ಸಹಿ. ಶನಿವಾರ ಕೊನೆಯ ದಿನ.

ಶುಕ್ರವಾರ ಮಧ್ಯಾಹ್ನ ದೌಲತಬಿ ಫಾರಂ ಹಿಡಿದು ಬಂದಳು.

"ಬೇರೆಯವರೆಲ್ಲ ಏನು ಬರ್ದಿದಾರೆ?" ಎಂದೆ.

"ಖಂಡಪ್ಪ ಬರದಾನ್ರಿ, ಆ ಖೋಲ್ಯಾಗ ಏಸಿ ಐತಿ ಅಂತ. ಸೇವಂತಿ, ಖಂಡಪ್ಪ ಹೋಗ್ತಾನ ಅಂತ ಹೊಂಟಾಳ. ಅದನ್ನ ಮಾತ್ರ ಬರದಿಲ್ರಿ."

ನಗು ತಡೆದುಕೊಂಡು, "ಬರ್ಕೋ," ಎಂದೆ. "ದೇಶದ ಪ್ರಗತಿಗೆ ಕಂಪ್ಯೂಟರ್ ಅತ್ಯವಶ್ಯ."

ಬರೆದಳು. ಒಮ್ಮೆ ಓದಿಕೊಂಡಳು. ಹೊಡೆದುಹಾಕಿದಳು.

"ಇದು ನಿಮ್ಮ ಕಾರಣ ಆತ್ರಿ ಅಕ್ಕಾರ. ದೇಶದ್ದು ನನಗ ಯಾರು ಕೇಳ್ಯಾರ?"

"ಹಾಗಾದ್ರೆ ನಿನ್ನದೇನಮ್ಮ?"

ಹಿಂದಿನ ವಾರ ಎಲ್ಲರಿಗೂ ಐದೈದು ನಿಮಿಷ ಕಂಪ್ಯೂಟರ್ ಮುಟ್ಟಲು ಕೊಟ್ಟಿದ್ದರಂತೆ. ಇವಳು ಏನೋ ತಪ್ಪಾಗಿ ಒತ್ತಿದ್ದಕ್ಕೆ, ಇಪ್ಪತ್ತನೆಯ ಸಾಲಿನಲ್ಲಿ ತಪ್ಪಿದೆ ಎಂದು ಪರದೆಯ ಮೇಲೆ ಬಂತಂತೆ.

"ಗಣಿತದ ಸರ್ ತಪ್ಪು ಅಂತಾರ, ನೋಟ್‌ಬುಕ್ ಒಗೀತಾರ. ಎಲ್ಲಿ ತಪ್ಪು ಅಂತ ಹೇಳಂಗಿಲ್ಲ. ಇದು ಯಾವ ಸಾಲು ಅಂತ ಹೇಳ್ತೈತ್ರಿ. ಬೈಯಂಗಿಲ್ಲ. ಹತ್ತು ಸಲ ತಪ್ಪಿದ್ರ ಹತ್ತೂ ಸಲ ಹೇಳ್ತೈತಿ."

ಅದನ್ನೇ ಬರಿ ಎಂದೆ. ಬರೆದು ಮುಗಿಸಿ, "ಸಹಿಗೆ ಅಬ್ಬಾ ಒಲ್ಲೆ ಅಂತಾರ. ನೀವೊಂದೀಟು ಬರ್ರಿ," ಎಂದಳು.

ಸಂಜೆ ಮಗುವನ್ನೆತ್ತಿಕೊಂಡು ಚಾಳಿಗೆ ಹೋದೆ. ಅಲ್ಲಾವುದ್ದೀನ ಚಹಾ ಕುಡಿಯುತ್ತಿದ್ದರು.

"ಚಾಚಾ, ಯಾಕೆ ಬೇಡ ಅಂತೀರಿ?"

"ಹೊಲಿಗಿ ಕಲೀಲ್ರಿ, ಮನ್ಯಾಗ ಕುಂತು ಮಾಡಾಕ ಬರ್ತೈತಿ. ಅಲ್ಲಿ ಮೊದಲ ಕೀಬೋರ್ಡ್ ಕಲಸ್ತಾರಂತ! ಅದಕ್ಕ ಸಾಲಿ ಯಾಕ ಬೇಕು? ಗ್ರಾಂಟ್ ರೋಡಿನ ಲಾಡ್ಜಿನ ಕೀಬೋರ್ಡು ಪೂರಾ ನಾನ ಮಾಡಿದ್ದು, ಐವತ್ತು ರೂಮಿನ ಚಾವಿ. ನಾ ಫುಟ್‌ಪಾತ್ ಮ್ಯಾಲ ಕುಂತು ಅರ ತಿಕ್ಕಿದ್ದು ಸಾಲದಾ? ಮಗಳೂ ಚಾವಿವಾಲಿ ಆಗಬೇಕೇನು?"

ಲಾಡ್ಜಿನ ಕೌಂಟರಿನ ಹಿಂದೆ ರೂಮಿನ ಚಾವಿ ತೂಗುಹಾಕುವ ಹಲಗೆಯೇ ಅವರ ಪಾಲಿಗೆ ಕೀಬೋರ್ಡ್. ದೌಲತಬಿ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು.

"ಅಬ್ಬಾ, ಅವು ಅಕ್ಷರ ಒತ್ತೋ ಗುಂಡಿಗೋಳು. ಒಂದು ಬಾಗಿಲಾನೂ ತೆಗ್ಯಂಗಿಲ್ಲ."

"ಬಾಗಿಲಾ ತೆಗೀದಿದ್ರ ಕೀ ಅಂತ ಯಾಕ ಕರೀತಾರ? ಮೋಸದ ಹೆಸರು!"

ಆಗ ಅವಳು ನನಗೆ ಹೇಳಿದ್ದನ್ನೇ ತಂದೆಗೂ ಹೇಳಿದಳು. ಅಲ್ಲಾವುದ್ದೀನ ಕಪ್ಪು ಕೆಳಗಿಟ್ಟರು.

"ಎಲ್ಲಿ ತಪ್ಪೈತಿ ಅಂತ ಅದ ತೋರಸ್ತದಾ?" ಎಂದು ಕೇಳಿ ನನ್ನ ಕಡೆ ತಿರುಗಿದರು. "ಚಾವಿ ಕಳಕೊಂಡವರ ಕೀಲಿಗೆ ಹೊಸ ಚಾವಿ ಹೆಂಗ ಮಾಡ್ತೀನಿ ಗೊತ್ತೇನ್ರಿ ಅಕ್ಕಾರ? ಹಲ್ಲಿಲ್ಲದ ಚಾವಿಗೆ ಮೇಣಬತ್ತಿ ಮಸಿ ಹಿಡಸ್ತೀನಿ. ಕೀಲ್ಯಾಗ ಹಾಕಿ ತಿರವಿ ತೆಗೀತೀನಿ. ಎಲ್ಲಿ ತಡದಿತ್ತೋ ಅಲ್ಲಿ ಮಸಿ ಅಳಿಸಿರ್ತೈತಿ. ಅಲ್ಲೇ ಅರ ಹಾಕೂದು. ಮತ್ತ ಮಸಿ, ಮತ್ತ ಅರ. ಕೀಲಿ ತಾನ ಹೇಳ್ತೈತಿ, ಕೇಳಾಕ ತಾಳ್ಮಿ ಬೇಕು."

"ಇದೂ ಹಂಗ ಅಬ್ಬಾ."

ಅಲ್ಲಾವುದ್ದೀನ ಕೈಯನ್ನು ಲುಂಗಿಗೆ ಒರೆಸಿಕೊಂಡು, "ತಾ ಇಲ್ಲಿ," ಎಂದು ಸಹಿ ಹಾಕಿದರು. ಅವಳು ಅಲ್ಲೇ ಕೂತು, ಉಳಿದಿದ್ದ ಜಾಗದಲ್ಲಿ ಮಸಿ ಹಿಡಿಸಿದ ಚಾವಿಯ ಮಾತನ್ನೂ ಸೇರಿಸಿದಳು.

ಸೋಮವಾರ ಶಾಲೆಯಲ್ಲಿ ಪಟ್ಟಿ ಹಾಕುವವರಿದ್ದರು. ಐದೂವರೆಯಾದರೂ ಹುಡುಗಿಯ ಸುದ್ದಿಯಿಲ್ಲ. ಸಿಗಲಿಲ್ಲವೇನೋ, ಎಲ್ಲಿ ಕೂತು ಅಳುತ್ತಿದ್ದಾಳೋ ಎಂದುಕೊಂಡು ಮಗುವಿಗೆ ಟೋಪಿ ಹಾಕಿ ಸ್ಟೇಷನ್ನಿನ ಕಡೆ ನಡೆದೆ.

ಅವಳು ತಂದೆಯ ಪಕ್ಕದಲ್ಲೇ ನಿಂತಿದ್ದಳು. ಅಲ್ಲಾವುದ್ದೀನರ ಕೈಯಲ್ಲಿ ಫಾರಂ. ಅದರ ಮೇಲೆ ಟೀಚರ ಕೆಂಪು ಅಕ್ಷರ: "ಎಲ್ಲರಿಗಿಂತ ಮೊದಲು ಆರಿಸಿದ್ದು." ಎದುರಿಗೆ ಬ್ರೀಫ್‌ಕೇಸ್ ಹಿಡಿದ ಗಿರಾಕಿಯೊಬ್ಬ. ಅವನ ಚಾವಿಗೆ ಇನ್ನೂ ಹಲ್ಲು ಬಂದಿಲ್ಲ. ಇವರು ಮಗಳ ಕನ್ನಡವನ್ನು ಸಾಲು ಸಾಲಾಗಿ ದಖನಿ ಉರ್ದುವಿನಲ್ಲಿ ಅವನಿಗೆ ತಿಳಿಸಿಹೇಳುತ್ತಿದ್ದಾರೆ.

"ಸಾಕು ಅಬ್ಬಾ," ದೌಲತಬಿ ನಾಚಿ ಅವರ ತೋಳು ಜಗ್ಗಿದಳು. "ಅವ್ರ ಲೋಕಲ್ ತಪ್ಪತೈತಿ."

"ತಪ್ಪಲಿ ಬಿಡು. ಲೋಕಲ್ ಹತ್ತು ಮಿಂಟಿಗೊಂದು ಬರ್ತೈತಿ," ಎಂದು ಅವರು ನನ್ನನ್ನು ಕಂಡು ಫಾರಂ ಎತ್ತಿ ತೋರಿಸಿದರು. "ಬರ್ರಿ ಅಕ್ಕಾರ, ನೀವೂ ಕೇಳ್ರಿ. ಮೊದಲಿಂದ ಓದ್ತೀನಿ."