ಮಾಸ್ತಮ್ಮನ ಮುಖ ಮುಚ್ಚಿದ ಎಡ್ಮಂಡ್ ಸರ್

ಎಡ್ಮಂಡ್ ಸರ್ ಇನ್ನಿಲ್ಲವಂತೆ...

ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ.
ಸುಳ್ಳಿರಬೇಕು ಅಂತಲೇ ಅನ್ನಿಸುತ್ತಿದೆ.

ಮೊನ್ನೆಯಷ್ಟೇ ವಾಟ್ಸಾಪ್‌ನಲ್ಲಿ ಆನಂದಪುರದ ಹತ್ತಿರದ ಒಂದು ವೀರಗಲ್ಲಿನ ಫೋಟೋ ಕೇಳಿದ್ದರು. "ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ ಮೇಡಂ" ಅಂತ ಆರ್ಡರ್ ಬೇರೆ.
ಕಳಿಸಿದ್ದೇನೆ.
ಒಂದೇ ಟಿಕ್ ಬಿದ್ದು ನಿಂತಿದೆ...

ಬೆಳಿಗ್ಗೆ ಕಾಲೇಜಿಗೆ ಹೊರಟಿದ್ದೆ. ಇಂಗ್ಲೆಂಡಿನಿಂದ ಅವರ ಪಕ್ಕದ ಮನೆಯಾಕೆಯ ಮೆಸೇಜ್ ಬಂತು. ನಿದ್ದೆಯಲ್ಲೇ ಹೋದರಂತೆ.
ಅವರ ಕಡೆಯವರು ಅಂತ ಯಾರೂ ಸಿಗಲಿಲ್ಲವಂತೆ. ಅಲ್ಲಿನ ಪುರಸಭೆಯವರೇ ಮಣ್ಣು ಮಾಡುತ್ತಾರಂತೆ.

ಹೋದರು ಅನ್ನುವುದಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು.
ದಿಕ್ಕಿಲ್ಲದವರ ಹಾಗೆ... ನಮ್ಮ ಸರ್?

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹುಡುಗನಾಗಿದ್ದಾಗಲೇ ಅವರಿಗೆ ಈ ಹುಚ್ಚು. ಊರೂರಿನ ಚರ್ಚುಗಳಲ್ಲಿ ಹಳೆಯ ಸಮಾಧಿಗಳ ಹಿತ್ತಾಳೆ ಫಲಕದ ಮೇಲೆ ಕಾಗದ ಹಾಸಿ, ಮೇಣ ಉಜ್ಜಿ ಚಿತ್ರ ತೆಗೆಯುತ್ತಿದ್ದರಂತೆ. ಮುಂದೆ ಒಂದು ಮ್ಯೂಸಿಯಂನಲ್ಲಿ ಹಳೆಯ ಕಾಗದಪತ್ರಗಳನ್ನು ನೋಡಿಕೊಳ್ಳುವ ಕೆಲಸ.
ಕೆಳದಿ ಅರಸರ ಬಗ್ಗೆ ಏನೋ ನೋಡಿ ಹೋಗುತ್ತೇನೆ ಅಂತ ಬಂದವರು ನಮ್ಮ ಕಲ್ಲುಗಳಿಗೆ ಗಂಟುಬಿದ್ದರು. ಆಮೇಲೆ ಪ್ರತಿ ಚಳಿಗಾಲವೂ ಸಾಗರದಲ್ಲೇ ಬಾಡಿಗೆ ರೂಮು.

ಕನ್ನಡ ಕಲಿತದ್ದು ಶಾಸನಗಳಿಂದ. ಕಂಡಕ್ಟರ್ ಹತ್ತಿರ ರಾಜರ ಕಾಲದ ಕನ್ನಡದಲ್ಲಿ ಟಿಕೆಟ್ ಕೇಳಿ ಇಡೀ ತೀರ್ಥಹಳ್ಳಿ ಬಸ್ಸನ್ನು ನಗಿಸಿದ ಮಹಾನುಭಾವರು!
ನಾನು ಹಿಸ್ಟರಿ ಲೆಕ್ಚರರ್ ಅನ್ನುವ ಒಂದೇ ತಪ್ಪಿಗೆ ನನ್ನ ಸ್ಕೂಟಿ ಅವರ ಪಾಲಾಯಿತು. ಹಿಂದಿನ ಸೀಟಲ್ಲಿ ಕಾಗದದ ಸುರುಳಿ ಹಿಡಿದು ಕೂರುತ್ತಿದ್ದರು. ಬ್ರೇಕ್ ಹಾಕಿದಾಗೆಲ್ಲ ನನ್ನ ಹೆಲ್ಮೆಟ್‌ಗೆ ಏಟು.

ಅವರ ಕೆಲಸ ಪಡಿಯಚ್ಚು ತೆಗೆಯುವುದು. ಕಲ್ಲು ತೊಳೆದು, ಒದ್ದೆ ಬಿಳಿ ಕಾಗದ ಹೊದೆಸಿ, ಬ್ರಶ್‌ನಿಂದ ಬಡಿದು ಕೂರಿಸಿ, ಮೇಲೆ ಮಸಿ ಹಚ್ಚಿದರೆ ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ.

ಹೊಸನಗರದ ಕಡೆ ಮಂಜಮ್ಮ ಅನ್ನುವವರ ಗದ್ದೆಯಂಚಿನಲ್ಲಿ ಒಂದು ಮಾಸ್ತಿಕಲ್ಲು ಇದೆ. ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ್ದು. ಎತ್ತಿದ ಕೈ, ಕೈತುಂಬ ಬಳೆ, ಪುಟ್ಟ ಮುಖ, ಕೆಳಗೆ ಸವೆದ ಎರಡು ಸಾಲು ಅಕ್ಷರ.
ಆ ಮನೆಯವರಿಗೆ ಅದು ಕಲ್ಲಲ್ಲ. ಮಾಸ್ತಮ್ಮ. ಮನೆಯ ಹಿರಿಯಳು.
"ಓದ್ಕಳಿ, ಅದಕ್ಕೆಂತ" ಅಂದಿದ್ದರು ಮಂಜಮ್ಮ. ಓದುವುದಕ್ಕೆ ಕಾಗದ ಹೊದೆಸಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಸರ್...
ಆ ಗಾಳಿಗುಳ್ಳೆ ನೆನಪಿದೆಯಾ?

ಕಾಗದದ ಅಡಿ ಗುಳ್ಳೆ ಏಳುವುದು ಮಾಮೂಲು. ತಟ್ಟಿದರೆ ಹೋಗುತ್ತದೆ.
ಅದು ಸರಿಯಾಗಿ ಅವಳ ಬಾಯಿಯ ಮೇಲೆ ಎದ್ದಿತು.
ತಟ್ಟಿದಿರಿ. ಹೋಯಿತು.
ಮತ್ತೆ ಎದ್ದಿತು... ಅಲ್ಲೇ.
ಮತ್ತೆ ತಟ್ಟಿದಿರಿ...
ಮತ್ತೆ...

ಕಾಫಿ ತಂದ ಮಂಜಮ್ಮ ಹಿಂದಿನಿಂದ ಕಿರುಚಿದ್ದರು.
"ಎಂತ ಮಾಡ್ತಾ ಇದೀರಿ ಮಾರಾಯ್ರೆ! ಬಿಳೀದು ಹೊದ್ಸಿ ಮುಖ ಮುಚ್ಚಿದ್ರಲ್ಲ! ಉಸ್ರಾಡ್ತಾ ಇದಾಳೆ, ಕಾಣದಿಲ್ವಾ?"

ನೀವು ಕಾಗದ ಎಳೆದಿರಿ. ಹರಿದು, ಮುದ್ದೆಯಾಗಿ ನಿಮ್ಮ ಅಂಗೈಯಲ್ಲಿ ಉಳಿಯಿತು. "ತಪ್ಪಾಯಿತು ತಾಯಿ" ಅಂದಿರಿ. ಆವತ್ತು ನಿಮ್ಮ ಕನ್ನಡಕ್ಕೆ ಯಾರೂ ನಗಲಿಲ್ಲ.

ಮಂಜಮ್ಮ ಬಿಡಲಿಲ್ಲ.
"ಸತ್ತೋರ ಮುಖ ಮುಚ್ಚೋದು ಮನೆಯೋರು. ದಾರೀಲಿ ಹೋಗೋರಲ್ಲ. ಮುಚ್ಚಿ ಆಯ್ತಲ್ಲ, ಇನ್ನು ನೀವೂ ಮನೆಯೋರೇ. ವರ್ಷ ವರ್ಷ ಬಂದು ಅವ್ಳಿಗೆ ಬಳೆ ಇಟ್ಟು ಹೋಗಿ."

ಒಂದು ವರ್ಷವೂ ತಪ್ಪಿಸಲಿಲ್ಲ ನೀವು.
ಸಾಗರದ ಬಳೆ ಅಂಗಡಿಯವನು "ಯಾರಿಗೆ ಸರ್?" ಅಂದರೆ "ನಮ್ಮ ಮನೆಯವರಿಗೆ" ಅನ್ನುತ್ತಿದ್ದಿರಿ. ಸರ್‌ಗೆ ಇಲ್ಲೊಂದು ಗುಟ್ಟಿನ ಸಂಸಾರ ಇದೆ ಅಂತ ಪೇಟೆಯಲ್ಲಿ ಪುಕಾರೂ ಎದ್ದಿತ್ತು. ನೀವು ಸುಮ್ಮನೆ ನಗುತ್ತಿದ್ದಿರಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಕಲ್ಲುಗಳ ನಿಮ್ಮ ಪುಸ್ತಕ ಬಂತು. ಆ ಕಲ್ಲಿನ ಪುಟದಲ್ಲಿ ಮಾತ್ರ "ಓದಿಲ್ಲ" ಅಂತ ಬರೆದಿದ್ದಿರಿ. ಸೆಮಿನಾರ್‌ನಲ್ಲಿ ದೊಡ್ಡದೊಡ್ಡವರು ಇದೆಂಥ ಸ್ಕಾಲರ್‌ಶಿಪ್ ಅಂತ ಆಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ನೀವು ನೀರು ಕುಡಿದು ಕೂತಿರಿ.

ಆಮೇಲೆ ಯಾವ ಕಲ್ಲಿನಲ್ಲೂ ನೀವು ಮುಖದ ಮೇಲೆ ಕಾಗದ ಹಾಕಲಿಲ್ಲ. ಅಕ್ಷರ ಇದ್ದಷ್ಟಕ್ಕೇ ಕತ್ತರಿಸಿ ಹೊದೆಸುತ್ತಿದ್ದಿರಿ.
ಮಂಡಗದ್ದೆಯಲ್ಲಿ ಹಕ್ಕಿ ನೋಡುತ್ತ ಕೂತಾಗ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.
"ಅದು ಬರೀ ಗಾಳಿ ಅಲ್ವಾ ಸರ್?"
"ಗಾಳಿಯೇ ಮೇಡಂ" ಅಂದಿರಿ.
ಅಂಗೈ ನೋಡಿಕೊಂಡು...
"ಬೆಚ್ಚಗಿತ್ತು" ಅಂದಿರಿ.

ಬೆಳಿಗ್ಗೆಯಿಂದ ನನಗೆ ಆ ಬ್ರಶ್ಶಿನ ಸದ್ದು ಕೇಳಿಸುತ್ತಿದೆ ಸರ್. ಟಪ್... ಟಪ್... ಟಪ್...
ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ಚಾಕ್‌ಪೀಸ್ ಕೆಳಗಿಟ್ಟೆ. ಸದ್ದು ನಿಲ್ಲಲಿಲ್ಲ.
ಮಕ್ಕಳು ನನ್ನ ಮುಖ ನೋಡಿದರು. ಪಾಠ ಅಲ್ಲಿಗೇ ಬಿಟ್ಟು ಬಂದೆ.

ಸಂಜೆಯಾಗುತ್ತ ಬಂದಾಗ ಮಂಜಮ್ಮನಿಗೆ ಫೋನ್ ಮಾಡಿದೆ. ವಯಸ್ಸಾದವರು, ಹೇಗೆ ಹೇಳುವುದೋ ಅಂತ ಅಲ್ಲಿಯವರೆಗೆ ಹಿಂದೆಮುಂದೆ ನೋಡಿದ್ದೆ.
"ಹತ್ರ ಯಾರಿದ್ರು ಟೀಚರಮ್ಮ?" ಅದೇ ಅವರ ಮೊದಲ ಪ್ರಶ್ನೆ.
"ಯಾರೂ ಇರ್ಲಿಲ್ವಂತೆ ಮಂಜಮ್ಮ. ಅವ್ರ ಕಡೆಯೋರು ಅಂತ ಯಾರೂ ಸಿಗ್ಲೇ ಇಲ್ವಂತೆ..."

ಅವರು ಫೋನ್ ಪಕ್ಕಕ್ಕಿಟ್ಟ ಸದ್ದಾಯಿತು.
ಆಮೇಲೆ ಸೊಸೆಯನ್ನು ಕರೆದದ್ದು ಕೇಳಿಸಿತು.

"ಏ ಸುಮಾ... ದೇವ್ರ ದೀಪ ಹಚ್ಬೇಡ. ನಾಳಿನ ಮದ್ವೆಗೆ ನಾವು ಬರದಿಲ್ಲ ಅಂತ ಫೋನ್ ಮಾಡಿ ಹೇಳು.
ನಮ್ಮನೇಲಿ ಸೂತಕ."

ಕಡೆಯವರು ಸಿಕ್ಕಿದ್ದಾರೆ ಸರ್...
ನೆಮ್ಮದಿಯಾಗಿ ಹೋಗಿ ಬನ್ನಿ. ನಿಮ್ಮ ಜೀವ ತಣ್ಣಗಿರಲಿ. 🙏