ಆರು ತಿಂಗಳ ಗಡುವು, ಒಂದು ದಿನ ತಡ

ಒಂದೇ ಒಂದು ದಿನ ತಡವಾದರೆ ನನ್ನ ಮಗಳು ತನ್ನ ಮನೆಗೇ ಹೊರಗಿನವಳಾಗುತ್ತಾಳೆ. ತಪ್ಪು ಯಾರದು? ನನ್ನದೇ.

ವಿಷಯ ಇಷ್ಟು. ವಿದ್ಯಾ ದೋಹಾಕ್ಕೆ, ಮನ್ಸೂರಾ ಬಡಾವಣೆಯ ನಮ್ಮ ಮನೆಗೆ ಬಂದಾಗ ಎಂಟು ತಿಂಗಳ ಕೂಸು. ಈಗ ಹತ್ತೊಂಬತ್ತು. ಇಲ್ಲಿ ಕಾಲೇಜು ಸಿಗದೆ (ನಮ್ಮಂಥವರ ಮಕ್ಕಳಿಗೆ ಸೀಟೆಲ್ಲಿ?) ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಬಿಟ್ಟಿದ್ದೇವೆ. ಅವಳ ವೀಸಾ ಇರುವುದು ನನ್ನ ಹೆಸರಿನ ಮೇಲೆ. ಆರು ತಿಂಗಳು ಮೀರಿ ಹೊರಗಿದ್ದರೆ ಅದು ರದ್ದು. ಹಾಗಾಗಿ ನಮ್ಮವರ ಕಾಲೇಜು ಮಕ್ಕಳೆಲ್ಲ ಆರು ತಿಂಗಳಿಗೊಮ್ಮೆ ಓಡಿಬಂದು, ಪಾಸ್‌ಪೋರ್ಟಿಗೆ ಸೀಲು ಹಾಕಿಸಿಕೊಂಡು, ಎರಡು ದಿನ ಅಮ್ಮನ ಕೈಯಡುಗೆ ಉಂಡು ವಾಪಸಾಗುತ್ತಾರೆ.

ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರಂತೆ ಮಗಳಿಗೆ ಟಿಕೆಟ್ ತೆಗೆಸಿದವನು ನಾನು. ಗುರುತು ಹಾಕಿದ್ದು ಅವಳು ಬಾಂಬೆಯಲ್ಲಿ ಇಳಿದಾಗಿನ ಸೀಲಿನ ತಾರೀಕು ನೋಡಿ! ದೋಹಾದ ಸೀಲು ಅರಬ್ಬಿ ಅಂಕಿಯಲ್ಲಿತ್ತು. ಇಷ್ಟು ವರ್ಷವಾದರೂ ನನಗೆ ಓದಲು ಬಾರದು. ವಿಮಾನ ಇಲ್ಲಿಂದ ಏರಿದ್ದು ಹಿಂದಿನ ದಿನ, ಆರು ತಿಂಗಳ ಲೆಕ್ಕ ಶುರುವಾಗುವುದೂ ಅಂದಿನಿಂದಲೇ. ನಮ್ಮ ಕಂಪನಿಯ ಸರ್ಕಾರಿ ಕಾಗದಪತ್ರ ಓಡಾಡಿಸುವ ಮಂದೂಬ್ ಮೊನ್ನೆ ಅವಳ ಪಾಸ್‌ಪೋರ್ಟಿನ ಜೆರಾಕ್ಸಿನ ಮೇಲೆ ಬೆರಳಿಟ್ಟು, "ನಿಮ್ಮ ಮಗಳ ಟಿಕೆಟ್ ಒಂದು ದಿನ ಲೇಟು. ವೀಸಾ ಖಲಾಸ್" ಅಂದ.

ಹುಬ್ಬಳ್ಳಿಯಲ್ಲಿ ವಾರ್ಷಿಕ ಪರೀಕ್ಷೆ ಶುರುವಾಗಿತ್ತು. ನಡುವೆ ಬಂದುಹೋಗಲು ಬಿಡುವಿಲ್ಲ. ಕೊನೆಯ ಪೇಪರ್ ಬರೆದು ಬಸ್ಸಿನಲ್ಲಿ ಬಾಂಬೆಗೆ ಬಂದು ವಿಮಾನ ಹತ್ತುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಪೇಪರ್ ಬಿಟ್ಟರೆ ಇಡೀ ವರ್ಷ ಹೋಯಿತು.

"ಕ್ಯಾಲೆಂಡರಿಗೆ ಗೀಟು ಹಾಕೂದೊಂದ ಕೆಲಸ ನಿಮಗ ಕೊಟ್ಟಿದ್ದೆ" ಎಂದಳು ಹೆಂಡತಿ. (ಮುಂದಿನದು ಇಲ್ಲಿ ಬರೆಯುವಂಥದ್ದಲ್ಲ.)

ಹೆದರುತ್ತಲೇ ಹಾಸ್ಟೆಲಿಗೆ ಫೋನ್ ಮಾಡಿದೆ. "ಪಪ್ಪಾ, ನಾ ಎಕ್ಸಾಮ್ ಬರೀತೀನಿ. ವೀಸಾದ್ದು ನೀವು ನೋಡ್ರಿ. ನಮ್ಮ ಮನಿಗೆ ಬರ್ಲಿಕ್ಕೆ ನಾ ಯಾಕ ಫೇಲ್ ಆಗ್ಬೇಕು?" ಅಂದಳು ಮಗಳು. ನಾಚಿಕೆಯಾಯಿತು. ಹಟವೂ ಬಂತು.

ಮರುದಿನ ಮಂದೂಬ್‌ನನ್ನು ಕರೆದುಕೊಂಡು ಇಮಿಗ್ರೇಷನ್ ಕೌಂಟರಿನಲ್ಲಿ ನಿಂತೆ. ಅಧಿಕಾರಿ ಒಳ್ಳೆಯ ಮನುಷ್ಯ, ಹಿಂದಿಯಲ್ಲೇ ಮಾತಾಡಿದ. ನಿಯಮದಲ್ಲಿ ಅಪ್ಪ ಇದ್ದಾನೆ, ಅಪ್ಪನ ನೌಕರಿ ಇದೆ, ಇಲ್ಲೇ ಬೆಳೆದ ಮಗು ಎಂಬ ಕಾಲಂ ಇಲ್ಲ ಅಂದ. ಆಮೇಲೆ ಒಂದು ಫಾರಂ ಮುಂದೆ ತಳ್ಳಿದ. "ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ. ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳಿ."

ನನ್ನ ತಕರಾರು ಇರುವುದೇ ಇಲ್ಲಿ. ದುಡಿಯಲು ಬಂದವನು ನಾನು. ಷರತ್ತು ಒಪ್ಪಿ ಸಹಿ ಹಾಕಿದವನೂ ನಾನು. ನೌಕರಿ ಮುಗಿದ ದಿನ ತಕರಾರಿಲ್ಲದೆ ಗಂಟುಮೂಟೆ ಕಟ್ಟುತ್ತೇನೆ. ಆದರೆ ಎಂಟು ತಿಂಗಳ ಕೂಸು ಯಾವ ಕಾಗದಕ್ಕೆ ಸಹಿ ಹಾಕಿತ್ತು? ನಾವು ಎತ್ತಿಕೊಂಡು ಬಂದೆವು, ಅದು ಬಂತು. ಅಂಥ ಮಕ್ಕಳನ್ನು ಕಾಯುವ ಒಂದು ಸಾಲು ಯಾವ ದೇಶದ ಕಾನೂನಿಗೂ ಭಾರವಾಗಲಾರದು.

ಫಾರಂ ತುಂಬಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದೆ. ಪರೀಕ್ಷೆ ಇದೆ, ಒಂದು ದಿನದ ವಿನಾಯಿತಿ ಕೊಡಿ. ಅದರ ಕೆಳಗೆ, ಇಲ್ಲೇ ಬೆಳೆದ ಮಕ್ಕಳಿಗೆ ಅವರದೇ ಹೆಸರಿನಲ್ಲಿ ಪರವಾನಗಿ ಕೊಡಿ ಅಂತಲೂ ಸೇರಿಸಿದೆ. "ಕೆಳಗಿನದ್ದು ಹೊಡೆದುಹಾಕಿ ಸಾಬ್, ಮೇಲಿನದ್ದೂ ಕೆಡುತ್ತೆ" ಅಂದ ಮಂದೂಬ್. ಹೊಡೆದುಹಾಕಲಿಲ್ಲ.

ಉತ್ತರ ಇನ್ನೂ ಬಂದಿಲ್ಲ. ದಿನಾ ಹೋಗಿ ಕೇಳುತ್ತಿದ್ದೇನೆ, ನಾಳೆಯೂ ಹೋಗುತ್ತೇನೆ. ಮಗಳು ಪರೀಕ್ಷೆ ಬರೆಯುತ್ತಿದ್ದಾಳೆ.

ಅಂಬೆಗಾಲಿಟ್ಟು, ಬಿದ್ದು ಮೊಣಕಾಲು ತರಚಿಕೊಂಡು ಮನ್ಸೂರಾದಲ್ಲೇ ಬೆಳೆದವಳು, ಮನ್ಸೂರಾಕ್ಕೆ 'ವಿಸಿಟ್' ಬರುವುದಾದರೂ ಹೇಗೆ, ಹೇಳಿ?