ಬೆಲ್ಲದ ಡಬ್ಬಿ ಮತ್ತು ನನ್ನ ಎಡ ಹಿಮ್ಮಡಿ

ಹಿಂದಿನಿಂದ ಯಾರೋ ಒದ್ದರು ಅಂದುಕೊಂಡೆ.

ತಮಿಳುನಾಡಿನ ಕಾರಿಮಂಗಲಂನಲ್ಲಿ ಪಂದ್ಯ. ನಾನು ಸಂಬಳಕ್ಕೆ ಬಾಸ್ಕೆಟ್‌ಬಾಲ್ ಆಡುವವನು. ಜನ ಬರುವುದು ನನ್ನ ಡಂಕ್ ನೋಡಲು: ಎಡಗಾಲು ಊರಿ ಎಗರಿ, ಚೆಂಡನ್ನು ರಿಂಗಿನೊಳಗೆ ತುರುಕಿ, ಅದಕ್ಕೇ ಜೋತುಬೀಳುತ್ತೇನೆ. ಆವತ್ತು ಕಾಲು ಊರಿದೆ, ಎಗರಲಿಲ್ಲ. ಹಿಮ್ಮಡಿಯ ಮೇಲೆ ಪಟ್ ಎಂದಿತು. ಬಿದ್ದಲ್ಲಿಂದಲೇ ತಿರುಗಿ ಬೈದೆ. ಹಿಂದೆ ಯಾರೂ ಇರಲಿಲ್ಲ.

ನೋವು ಅಷ್ಟೇನಿರಲಿಲ್ಲ. ಅದೇ ಮೋಸ ಮಾಡಿತು. ನಂಗವಳ್ಳಿ ಹತ್ತಿರದ ನಮ್ಮೂರಿಗೆ ಬಂದೆ. ಕೈಕಾಲಿಗೆ ಏನಾದರೂ ಆದರೆ ನಾವು ಮೊದಲು ಹೋಗುವುದು ಕಟ್ಟು ಕಟ್ಟುವವರ ಬಳಿಗೆ. ಅಪ್ಪ ಅಲ್ಲಿಗೇ ಕರೆದೊಯ್ದರು.

"ಎಲುಬು ಗಟ್ಟಿಯಾಗೈತೆ. ಉಳುಕು ಅಷ್ಟೇ," ಎಂದು ಕಟ್ಟು ಕಟ್ಟುವವರು ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಹಚ್ಚಿ, ಬಟ್ಟೆ ಸುತ್ತಿದರು. ಎಂಟು ದಿನ ಹಾಗೇ ಕುಂಟಿದೆ. ಅವರನ್ನು ದೂರಲಾರೆ. ನನಗೂ ಆ ಮಾತೇ ಬೇಕಾಗಿತ್ತು.

ಕುಂಟು ಹೋಗದೆ ಸೇಲಂಗೆ ಹೋದೆ. ಅಲ್ಲಿ ಡಾಕ್ಟರ್ ನನ್ನನ್ನು ಬೋರಲು ಮಲಗಿಸಿ ಬಲಗಾಲಿನ ಮೀನಖಂಡ ಹಿಂಡಿದರು. ಪಾದ ಕುಣಿಯಿತು. ಎಡಗಾಲಿನದನ್ನು ಹಿಂಡಿದರು.

ಪಾದ ಅಲುಗಲೇ ಇಲ್ಲ.

ಅಕಿಲಿಸ್ ಟೆಂಡನ್, ಕಂಪ್ಲೀಟ್ ರಪ್ಚರ್. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ದಪ್ಪ ನಾರು ಪೂರ್ತಿ ಹರಿದಿತ್ತು. ಸರ್ಜರಿ ಆಗಲೇಬೇಕಿತ್ತು. ಮತ್ತೆ ಡಂಕ್ ಮಾಡಬಹುದೇ ಎಂದು ಕೇಳಿದೆ.

"ಮೊದಲ್ಲ ನಡಂಗ ತಂಬಿ," ಎಂದರು. ಮೊದಲು ನಡೆಯಪ್ಪ, ಅಂತ. ಎಡಗಾಲೊಂದರ ತುದಿಯಲ್ಲಿ ನಿಲ್ಲುವವರೆಗೆ ಎಗರುವ ಮಾತೇ ಬೇಡ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಎಗರಲಾಗದ ನನ್ನನ್ನು ಯಾವ ಟೀಮ್ ಕರೆಯುತ್ತದೆ?

ಸರ್ಜರಿ, ಪ್ಲಾಸ್ಟರ್, ಆಮೇಲೆ ಪಾದ ಅಲುಗದಂತೆ ಹಿಡಿಯುವ ಬೂಟು, ಫಿಸಿಯೋಥೆರಪಿ. ತಿಂಗಳುಗಟ್ಟಲೆ ನನ್ನ ಲೋಕವೆಂದರೆ ಮಂಚ ಮತ್ತು ಬಚ್ಚಲು. ಎಡ ಮೀನಖಂಡ ಸೊರಗಿ ನನ್ನದಲ್ಲವೆಂಬಂತಾಯಿತು, ಅದನ್ನು ನೋಡಲು ನಾಚಿಕೆಯಾಗುತ್ತಿತ್ತು. ಟೀಮಿನವರ ಫೋನು ಬಂದರೂ ಎತ್ತುತ್ತಿರಲಿಲ್ಲ.

ಇದರಲ್ಲಿ ಲಾಭ ಆದದ್ದು ಅಪ್ಪನಿಗೆ. ಅವರಿಗೆ ಶುಗರ್. ನಾನು ರಜೆಗೆ ಬಂದಾಗೆಲ್ಲ ಬೆಲ್ಲದ ಡಬ್ಬಿಯನ್ನು ಅಟ್ಟದ ಹಿಂದಿನ ಮೂಲೆಗೆ ತಳ್ಳಿಡುವುದು ನನ್ನ ಕೆಲಸ. ನನಗೂ ತುದಿಗಾಲಲ್ಲೇ ಎಟುಕುವ ಜಾಗ ಅದು. ಈಗ ಡಬ್ಬಿ ಒಲೆಯ ಪಕ್ಕವೇ ಇತ್ತು. ನನಗೆ ನೀರು ತರುವ ನೆಪದಲ್ಲಿ ಅಪ್ಪ ದಿನಕ್ಕೆ ನಾಲ್ಕು ಸಲ ಅಡುಗೆಮನೆಗೆ ಹೋಗುತ್ತಿದ್ದರು. ಅಷ್ಟು ನೀರು ನಾನು ಯಾವತ್ತೂ ಕುಡಿದಿಲ್ಲ.

ಏಳನೇ ತಿಂಗಳು, ಹೋದ ವಾರ, ಅವ್ವ ಡಬ್ಬಿಯನ್ನು ನನ್ನ ಕೈಗಿಟ್ಟಳು. "ಮ್ಯಾಲಿಕ್ಕಲಾ. ನಿಮ್ಮಪ್ಪಂಗೆ ಶುಗರ್ ಏರೈತೆ."

ಒಂದು ಕೈ ಗೋಡೆಗೆ ಕೊಟ್ಟು, ಬಲಗಾಲು ಮೇಲೆತ್ತಿದೆ. ಎಡ ಹಿಮ್ಮಡಿ ನೆಲ ಬಿಟ್ಟಿತು. ನಡುಗಿತು. ಇನ್ನೂ ಎದ್ದಿತು. ಡಬ್ಬಿ ಮೂಲೆ ಮುಟ್ಟಿತು.

ಅವ್ವ ಡಬ್ಬಿಯನ್ನು ನೋಡಲಿಲ್ಲ, ನನ್ನ ಹಿಮ್ಮಡಿಯನ್ನೇ ನೋಡುತ್ತಿದ್ದಳು. ನನಗೆ ಎಷ್ಟೋ ದಿನದ ಮೇಲೆ ನಗು ಬಂತು. ರಿಂಗು ಇನ್ನೂ ದೂರವಿದೆ, ಗೊತ್ತು. ಆದರೂ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಡಬ್ಬಿ ಇಟ್ಟು ತಿರುಗಿದಾಗ ಬಾಗಿಲಲ್ಲಿ ನಿಂತಿದ್ದ ಅಪ್ಪ ಹೇಳಿದ್ದು ಇಷ್ಟೇ: "ಆಯ್ತು ಬುಡು. ನೀನಿನ್ನು ಆಟಕ್ಕೋಗು. ಓಗೋಕೆ ಮುಂಚೆ ಅದನ್ನ ಒಂದ್ಸಲ ಇಳಿಸ್ಕೊಡು."